ರಕ್ತಭೇದಿ: ಸೋಂಕೋ, ಕರುಳಿನ ದೀರ್ಘಕಾಲದ ಉರಿಯೂತವೋ? ಹಂತ ಹಂತವಾಗಿ ಪತ್ತೆ ಮಾಡುವ ಬಗೆ

ಮಲದಲ್ಲಿ ರಕ್ತ, ಲೋಳೆ, ಹೊಟ್ಟೆ ಹಿಂಡುವ ನೋವು, ದಿನಕ್ಕೆ ಆರೇಳು ಸಲ ಶೌಚಾಲಯದ ಕಡೆ ಓಟ. ಇಷ್ಟು ಹೇಳಿದೊಡನೆ ಒಬ್ಬರು ‘ಉಷ್ಣ ಆಗಿದೆ, ಎಳನೀರು ಕುಡಿ’ ಎನ್ನುತ್ತಾರೆ, ಇನ್ನೊಬ್ಬರು ‘ಮೂಲವ್ಯಾಧಿ’ ಎನ್ನುತ್ತಾರೆ, ಔಷಧಿ ಅಂಗಡಿಯವರು ‘ಆಮಶಂಕೆ’ ಎಂದು ಐದು ದಿನದ ಮಾತ್ರೆ ಕೊಡುತ್ತಾರೆ. ಹೆಚ್ಚಿನ ಸಲ ಅದು ನಿಜಕ್ಕೂ ಸೋಂಕೇ ಆಗಿರುತ್ತದೆ ಮತ್ತು ವಾರದೊಳಗೆ ಗುಣವಾಗುತ್ತದೆ. ಆದರೆ ಇದೇ ಲಕ್ಷಣಗಳನ್ನು ಹೊತ್ತು ಬರುವ ಇನ್ನೊಂದು ಕಾಯಿಲೆ ಇದೆ. ವೈದ್ಯರು ಅದನ್ನು ಐಬಿಡಿ ಎಂದು ಕರೆಯುತ್ತಾರೆ, ಅಂದರೆ ಕರುಳಿನ ದೀರ್ಘಕಾಲದ ಉರಿಯೂತ. ಅದರಲ್ಲಿ ಎರಡು ಮುಖ್ಯ ಬಗೆಗಳು: ದೊಡ್ಡ ಕರುಳಿಗಷ್ಟೇ ಬರುವ ಅಲ್ಸರೇಟಿವ್ ಕೊಲೈಟಿಸ್, ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದಾದ ಕ್ರೋನ್ಸ್ ಕಾಯಿಲೆ.

ಸೋಂಕು ಮತ್ತು ಐಬಿಡಿ, ಇವೆರಡನ್ನು ಬೇರ್ಪಡಿಸಿ ನೋಡಲೇಬೇಕು, ಏಕೆಂದರೆ ಚಿಕಿತ್ಸೆಗಳ ದಿಕ್ಕೇ ಬೇರೆ. ಸೋಂಕಿನಲ್ಲಿ ರೋಗಾಣುವನ್ನು ಹೊರಗಟ್ಟಲು ದೇಹದ ರಕ್ಷಣಾ ಶಕ್ತಿ ಬೇಕು. ಐಬಿಡಿಯಲ್ಲಿ ಆ ರಕ್ಷಣಾ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬಿದ್ದಿರುವುದರಿಂದ ಅದನ್ನು ತಗ್ಗಿಸಬೇಕು. ಆಮಶಂಕೆ ತರುವ ಅಮೀಬಾ ಇರುವ ಕರುಳಿಗೆ ರಕ್ಷಣಾ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಬಿದ್ದರೆ ಕರುಳು ತೂತಾಗುವ ಅಪಾಯವಿದೆ. ಅತ್ತ, ಐಬಿಡಿ ಇರುವವರಿಗೆ ಆಮಶಂಕೆಯ ಮಾತ್ರೆಯನ್ನೇ ಮತ್ತೆ ಮತ್ತೆ ಕೊಡುತ್ತಾ ಹೋದರೆ ವರ್ಷಗಳು ಕಳೆಯುತ್ತವೆ, ರಕ್ತ ಇಳಿಯುತ್ತದೆ, ಓದುವ ಅಥವಾ ಆಗಷ್ಟೇ ಕೆಲಸಕ್ಕೆ ಸೇರಿದ ವಯಸ್ಸಿನ ಮಕ್ಕಳು ಹಾಸಿಗೆ ಹಿಡಿಯುತ್ತಾರೆ. ಐಬಿಡಿ ಹೆಚ್ಚಾಗಿ ತಲೆ ಎತ್ತುವುದೇ 15ರಿಂದ 35ರ ನಡುವಿನ ವಯಸ್ಸಿನಲ್ಲಿ. ಹೀಗಾಗಿ ಈ ಲೇಖನವನ್ನು ರೋಗಿಗಳಿಗಿಂತ ಹೆಚ್ಚಾಗಿ ಮನೆಯ ಹಿರಿಯರು ಓದಲಿ ಎಂಬುದು ನನ್ನ ಆಸೆ.

ಮೊದಲು ಕ್ಯಾಲೆಂಡರ್ ನೋಡಿ

ದುಬಾರಿ ಪರೀಕ್ಷೆಗಳಿಗಿಂತ ಮೊದಲು ಉತ್ತರದ ಹತ್ತಿರ ಒಯ್ಯುವುದು ದಿನಗಳ ಲೆಕ್ಕ. ಬ್ಯಾಕ್ಟೀರಿಯಾ ಸೋಂಕು ಶುರುವಾದ ಹೊತ್ತನ್ನು ರೋಗಿ ಸಾಮಾನ್ಯವಾಗಿ ಖಚಿತವಾಗಿ ಹೇಳಬಲ್ಲ: ‘ಸೋಮವಾರ ನಸುಕಿನಲ್ಲಿ ಚಳಿ ಜ್ವರ ಬಂತು, ಬೆಳಗಾಗುವಷ್ಟರಲ್ಲಿ ನಾಲ್ಕು ಸಲ ಹೋದೆ’. ಐಬಿಡಿ ಇರುವವರನ್ನು ಕೇಳಿದರೆ ‘ದಸರಾ ಹೊತ್ತಿಗೇ ಸ್ವಲ್ಪ ಸ್ವಲ್ಪ ಇತ್ತು, ಆಮೇಲೆ ಜಾಸ್ತಿಯಾಯಿತು’ ಎನ್ನುತ್ತಾರೆ. ಶುರುವಾದ ದಿನವೇ ನೆನಪಿಲ್ಲದಿರುವುದು ಒಂದು ಸುಳಿವು.

ಸೋಂಕಿನ ದಿನವನ್ನು ಹಿಂದಕ್ಕೆ ಎಣಿಸುವಾಗ ಕೊನೆಯ ಊಟವನ್ನೇ ದೂರುವುದು ರೂಢಿ. ಅದು ಎಲ್ಲ ಸಲವೂ ಸರಿಯಲ್ಲ. ಆಹಾರದಲ್ಲಿ ಮೊದಲೇ ಬೆಳೆದಿದ್ದ ಸ್ಟೆಫೈಲೋಕಾಕಸ್‌ನ ವಿಷವಾದರೆ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಅದರಲ್ಲಿ ಮಲದೊಂದಿಗೆ ರಕ್ತ ಹೋಗುವುದಿಲ್ಲ. ಸಾಲ್ಮೊನೆಲ್ಲಾ ಸಾಮಾನ್ಯವಾಗಿ 6 ಗಂಟೆಯಿಂದ 3 ದಿನ, ಶಿಗೆಲ್ಲಾ 1ರಿಂದ 3 ದಿನ, ಕ್ಯಾಂಪೈಲೋಬ್ಯಾಕ್ಟರ್ 2ರಿಂದ 5 ದಿನ ತೆಗೆದುಕೊಳ್ಳುತ್ತವೆ. ನಿನ್ನೆಯ ಪಾನಿಪುರಿಯ ಮೇಲೆ ಹೊರಿಸುವ ಅಪವಾದ ಮೂರು ದಿನದ ಹಿಂದಿನ ಅರೆಬೆಂದ ಕೋಳಿಯದ್ದಾಗಿರಬಹುದು.

ಕ್ಯಾಲೆಂಡರಿನಲ್ಲಿ ಮೂರು ಗಡುವುಗಳನ್ನು ಗುರುತಿಸಿಕೊಳ್ಳಿ. 7 ದಿನ: ಬ್ಯಾಕ್ಟೀರಿಯಾದಿಂದ ಬಂದ ಭೇದಿ ಬಹುತೇಕ ಇಷ್ಟರೊಳಗೆ ತಗ್ಗುತ್ತದೆ; ತಗ್ಗದಿದ್ದರೆ ಮಲಪರೀಕ್ಷೆ ಮಾಡಿಸದೆ ಇನ್ನೊಂದು ಮಾತ್ರೆ ಬೇಡ. 14 ದಿನ: ಈಗ ಸಾಮಾನ್ಯ ಬ್ಯಾಕ್ಟೀರಿಯಾಗಳ ಮೇಲಿನ ಅನುಮಾನ ಕಡಿಮೆಯಾಗಿ ಅಮೀಬಾ, ಜಿಯಾರ್ಡಿಯಾದಂಥ ಪರಾವಲಂಬಿಗಳು, ಕ್ಷಯ, ಐಬಿಡಿಗಳ ಮೇಲೆ ಹೆಚ್ಚಾಗಬೇಕು. 4 ವಾರ: ಇಲ್ಲಿಗೆ ಬಂದ ಮೇಲೆ ಕರುಳಿನ ತಜ್ಞರನ್ನು, ಅಂದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಅವರನ್ನು, ಕಾಣಲೇಬೇಕು. ರಕ್ತ ಹೋಗುತ್ತಿದ್ದರೆ ಅಷ್ಟು ದಿನ ಕಾಯುವುದೂ ತಪ್ಪು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಭೇದಿ ನಿಂತು, ತಿಂಗಳು ಬಿಟ್ಟು ಮತ್ತೆ ಬಂದರೆ ಜನ ಅದನ್ನು ‘ಹೊಸ ಸೋಂಕು’ ಎಂದು ಲೆಕ್ಕ ಹಾಕುತ್ತಾರೆ. ಅಲ್ಸರೇಟಿವ್ ಕೊಲೈಟಿಸ್‌ನ ಸ್ವಭಾವವೇ ಹಾಗೆ: ತಾನಾಗಿಯೇ ತಗ್ಗುತ್ತದೆ, ತಾನಾಗಿಯೇ ಕೆರಳುತ್ತದೆ. ತಗ್ಗುವ ಹೊತ್ತಿಗೆ ಯಾವ ಮಾತ್ರೆ ನುಂಗುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಕ್ರೋನ್ಸ್ ಕಾಯಿಲೆಯಲ್ಲಂತೂ ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್‌ನಿಂದಲೇ ಕೆಲವರಿಗೆ ಸ್ವಲ್ಪ ಕಾಲ ಆರಾಮ ಸಿಗುತ್ತದೆ. ‘ಮಾತ್ರೆಗೆ ಬಗ್ಗಿತು, ಹಾಗಾಗಿ ಸೋಂಕೇ’ ಎನ್ನುವ ತರ್ಕ ಇಲ್ಲಿ ನಿಲ್ಲುವುದಿಲ್ಲ. ಹಳೆಯ ಚೀಟಿಗಳನ್ನೆಲ್ಲ ತಾರೀಕಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿ ನೋಡಿ. ಜನವರಿಯಲ್ಲಿ ಐದು ದಿನದ ಮಾತ್ರೆ, ಮಾರ್ಚ್‌ನಲ್ಲಿ ಅದೇ ಮಾತ್ರೆ ಬೇರೆ ಕಂಪನಿಯ ಹೆಸರಲ್ಲಿ, ಮೇ ತಿಂಗಳಲ್ಲಿ ಮತ್ತೆ ಅದೇ, ನಡುವೆ ಒಂದು ಕಬ್ಬಿಣಾಂಶದ ಟಾನಿಕ್. ಬೇರೆ ಬೇರೆ ವೈದ್ಯರು ಬರೆದ ಆ ಚೀಟಿಗಳನ್ನು ಒಟ್ಟಿಗೆ ಕಂಡ ಮೇಲೆ ಅದು ಒಂದೇ ಕಾಯಿಲೆಯ ಕಥೆ ಎಂದು ಯಾರಿಗಾದರೂ ಹೊಳೆಯುತ್ತದೆ.

ಮನೆಯಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಜೊತೆಯಲ್ಲಿ ಉಂಡವರಿಗೂ ಹೀಗಾಗಿದೆಯೇ? ಮದುವೆ, ಜಾತ್ರೆ, ಹಾಸ್ಟೆಲ್ ಊಟದ ನಂತರ ನಾಲ್ಕಾರು ಜನಕ್ಕೆ ಒಟ್ಟಿಗೆ ಭೇದಿಯಾದರೆ ಸೋಂಕಿನ ಕಡೆಗೆ ತಕ್ಕಡಿ ವಾಲುತ್ತದೆ. ಜೋರು ಜ್ವರ, ವಾಂತಿ, ಮೈಕೈ ನೋವು ಮೊದಲ ದಿನವೇ ಬಂದಿದ್ದರೂ ಹಾಗೆಯೇ.

ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ವಾರಗಟ್ಟಲೆ ಮುಂದುವರಿದಿದೆಯೇ? ತೂಕ ಇಳಿದಿದೆಯೇ? ಹೋಗಿ ಬಂದ ಮೇಲೂ ಪೂರ್ತಿ ಆಗಿಲ್ಲ ಎಂಬ ತಿಣುಕು, ತಡೆಯಲಾಗದ ಅವಸರ ಇದೆಯೇ? ಬಾಯಿಹುಣ್ಣು ಪದೇ ಪದೇ ಬರುತ್ತಿದೆಯೇ, ಕಣ್ಣು ಕೆಂಪಾಗಿ ನೋಯುತ್ತಿದೆಯೇ, ಮೊಣಕಾಲ ಕೆಳಗೆ ಕೆಂಪಾದ ನೋಯುವ ಗಂಟುಗಳು ಎದ್ದಿವೆಯೇ? ಗುದದ್ವಾರದ ಪಕ್ಕದಲ್ಲಿ ಕೀವು ಸೋರುವ ರಂಧ್ರವಿದೆಯೇ? ಮಕ್ಕಳಾದರೆ ಎತ್ತರ ಬೆಳೆಯುವುದು ನಿಂತಿದೆಯೇ? ಇವಕ್ಕೆ ‘ಹೌದು’ ಎಂಬ ಉತ್ತರ ಹೆಚ್ಚಾದಷ್ಟೂ ಐಬಿಡಿಯ ಅನುಮಾನ ಬಲವಾಗುತ್ತದೆ. ಗುದದ ಪಕ್ಕದ ರಂಧ್ರವನ್ನು ಮೂಲವ್ಯಾಧಿ ಎಂದು ಹೆಸರಿಸಿ, ಬೋರ್ಡು ನೋಡಿ ಹೋಗಿ, ಕೊಯ್ಯಿಸಿಕೊಂಡು ಬರುವವರಿದ್ದಾರೆ. ಅದರ ಮೂಲ ಕ್ರೋನ್ಸ್ ಕಾಯಿಲೆಯಾಗಿದ್ದರೆ ಆ ಗಾಯ ಮಾಯುವುದೇ ಕಷ್ಟ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಗಟ್ಟಿ ಮಲದ ಮೇಲೆ ಅಥವಾ ಹನಿಯಾಗಿ, ತಿಳಿಗೆಂಪಾಗಿ ಬೀಳುತ್ತದೆ; ಲೋಳೆಯೊಂದಿಗೆ ಬೆರೆತು ಸಡಿಲ ಮಲದಲ್ಲಿ ಬರುವುದಿಲ್ಲ. ನಲವತ್ತೈದು ದಾಟಿದವರಲ್ಲಿ ಹೊಸದಾಗಿ ರಕ್ತ ಕಂಡರೆ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ.

ಕೀಲು ನೋವೊಂದನ್ನೇ ನೆಚ್ಚಿಕೊಳ್ಳಬೇಡಿ. ಐಬಿಡಿಯಲ್ಲಿ ಕೀಲು ನೋಯುತ್ತದೆ, ನಿಜ. ಶಿಗೆಲ್ಲಾ, ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಯೆರ್ಸಿನಿಯಾ ಸೋಂಕುಗಳ ನಂತರವೂ ಕೆಲವರಿಗೆ ಒಂದೆರಡು ವಾರ ಬಿಟ್ಟು ಮೊಣಕಾಲು, ಹಿಮ್ಮಡಿ ಊದಿಕೊಳ್ಳುತ್ತವೆ.

ಕಳೆದ ಮೂರು ತಿಂಗಳಲ್ಲಿ ಯಾವ ಮಾತ್ರೆ ತೆಗೆದುಕೊಂಡಿರಿ ಎಂಬುದನ್ನೂ ಬರೆದಿಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ನೋವು ಮಾತ್ರೆಗಳು ತಾವೇ ಕರುಳಿನಲ್ಲಿ ಹುಣ್ಣು ಮಾಡಬಲ್ಲವು. ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ, ಆಸ್ಪತ್ರೆಯಲ್ಲಿ ಇದ್ದು ಬಂದವರಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಕರುಳನ್ನು ಆವರಿಸಿ ಐಬಿಡಿಯಂತೆಯೇ ಕಾಡುತ್ತದೆ.

ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದಾಗ

ದಿನಕ್ಕೆ 6ಕ್ಕಿಂತ ಹೆಚ್ಚು ಸಲ ರಕ್ತಭೇದಿ, ಜೊತೆಗೆ ನಾಡಿ ನಿಮಿಷಕ್ಕೆ 90 ದಾಟಿರುವುದು ಅಥವಾ ಜ್ವರ. ಹೊಟ್ಟೆ ಉಬ್ಬಿ ಮುಟ್ಟಲಾಗದಷ್ಟು ನೋವು. ವಿಶೇಷವಾಗಿ ಭೇದಿ ಏಕಾಏಕಿ ನಿಂತು ಹೊಟ್ಟೆ ಊದಿಕೊಂಡರೆ ಅದನ್ನು ಗುಣವೆಂದು ತಿಳಿಯಬೇಡಿ. ಮೂತ್ರ ಕಡಿಮೆಯಾಗುವುದು, ಎದ್ದರೆ ಕಣ್ಣು ಕತ್ತಲೆ ಬರುವುದು. ಹಸುಗೂಸು, ಗರ್ಭಿಣಿ, ವಯಸ್ಸಾದವರಾದರೆ ಇಷ್ಟೂ ಕಾಯಬೇಡಿ.

ಮೊದಲ ದಿನಗಳಲ್ಲಿ ಏನು ಕೊಡಬೇಕು, ಏನು ಕೊಡಬಾರದು

ಕಾರಣ ಯಾವುದೇ ಇರಲಿ, ನೀರು ಮತ್ತು ಉಪ್ಪು ತುಂಬಿಕೊಡುವುದು ಮೊದಲು. ದೊಡ್ಡ ಓಆರ್‌ಎಸ್ ಪೊಟ್ಟಣವಾದರೆ 1 ಲೀಟರ್ ನೀರಿಗೆ ಇಡೀ ಪೊಟ್ಟಣ, ಅರ್ಧರ್ಧ ಹಾಕಬೇಡಿ. ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ, ಮೆತ್ತಗಿನ ಅನ್ನ ಕೊಡಬಹುದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ ಇರುವುದರಿಂದ ಓಆರ್‌ಎಸ್‌ನ ಜಾಗವನ್ನು ತುಂಬುವುದಿಲ್ಲ.

ರಕ್ತ ಅಥವಾ ಜ್ವರ ಇದ್ದಾಗ ಭೇದಿ ಕಟ್ಟುವ ಲೋಪೆರಮೈಡ್ ಬೇಡ. ಉರಿಯುತ್ತಿರುವ ಕರುಳಿನ ಚಲನೆ ನಿಂತರೆ ಅದು ಊದಿಕೊಂಡು ಪ್ರಾಣಕ್ಕೆ ಕುತ್ತಾಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಪಟ್ಟಿಯನ್ನು ಮುಟ್ಟಬೇಡಿ. ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿಸಿದ ಜೋಡಿ ಮಾತ್ರೆ ನಮ್ಮಲ್ಲಿ ಭೇದಿಗೆ ಬಲು ಬಳಕೆಯದು. ಆಫ್ಲಾಕ್ಸಸಿನ್‌ಗೆ ಕ್ಷಯದ ರೋಗಾಣುವಿನ ಮೇಲೂ ಸ್ವಲ್ಪ ಹಿಡಿತವಿದೆ. ಕರುಳಿನ ಕ್ಷಯ ಇದ್ದವರಿಗೆ ಇದರಿಂದ ಅರೆಬರೆ ಆರಾಮವಾಗಿ, ಪತ್ತೆ ಇನ್ನಷ್ಟು ತಡವಾಗುತ್ತದೆ.

ಮಾತ್ರೆಗೆ ಮೊದಲು ಮಲಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ ಎನ್ನುತ್ತೇನೆ. ಆಂಟಿಬಯೋಟಿಕ್‌ನ ಮೊದಲ ಮಾತ್ರೆ ಒಳಗೆ ಹೋದ ಮೇಲೆ ಮಲದ ಕಲ್ಚರ್‌ನಲ್ಲಿ (ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಕುಸಿಯುತ್ತದೆ. ಆಮೇಲೆ ‘ಏನೂ ಬೆಳೆದಿಲ್ಲ’ ಎಂಬ ವರದಿ ಬಂದರೆ ಅದರಿಂದ ಸೋಂಕು ಇರಲಿಲ್ಲ ಎಂದೂ ಹೇಳಲಾಗದು, ಇತ್ತು ಎಂದೂ ಹೇಳಲಾಗದು.

ಮಾದರಿ ತೆಗೆಯುವ ರೀತಿಯಲ್ಲೇ ಅರ್ಧ ಫಲಿತಾಂಶ ಅಡಗಿದೆ. ಲ್ಯಾಬ್‌ನವರು ಕೊಡುವ ಅಗಲ ಬಾಯಿಯ ಒಣ ಡಬ್ಬಿ ಬಳಸಿ. ಕಮೋಡಿನ ನೀರಿನಿಂದ ಎತ್ತಬೇಡಿ, ಮೂತ್ರ ಬೆರೆಯಬಾರದು. ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಮುಚ್ಚಳಕ್ಕೆ ಅಂಟಿರುವ ಚಮಚದಿಂದ ರಕ್ತ ಮತ್ತು ಲೋಳೆ ಇರುವ ಭಾಗವನ್ನೇ ಆರಿಸಿ ತುಂಬಿ. ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಜೀವಂತ ಅಮೀಬಾ ಚಲಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮಾದರಿ ಇನ್ನೂ ಬೆಚ್ಚಗಿರಬೇಕು. ಬೆಳಿಗ್ಗೆ ತೆಗೆದು ಮಧ್ಯಾಹ್ನ ಕೊಟ್ಟರೆ ಅದು ಕಾಣುವುದಿಲ್ಲ.

ಕೇಳಬೇಕಾದ ಪರೀಕ್ಷೆಗಳು: ಮಲದ ಸಾಮಾನ್ಯ ಸೂಕ್ಷ್ಮದರ್ಶಕ ಪರೀಕ್ಷೆ, ಕಲ್ಚರ್, ಮತ್ತು ಇತ್ತೀಚೆಗೆ ಆಂಟಿಬಯೋಟಿಕ್ ತಗೊಂಡಿದ್ದರೆ ಡಿಫಿಸಿಲ್ ಟಾಕ್ಸಿನ್. ವರದಿ ಕೈಗೆ ಬಂದಾಗ ‘ಪಸ್ ಸೆಲ್ 20–25, ಆರ್‌ಬಿಸಿ 10–15’ ಎಂದಿದ್ದರೆ ಗಾಬರಿಯಾಗಬೇಡಿ, ತೀರ್ಮಾನಕ್ಕೂ ಹೋಗಬೇಡಿ. ಆರ್‌ಬಿಸಿ ಎಂದರೆ ಕೆಂಪು ರಕ್ತಕಣ, ಪಸ್ ಸೆಲ್ ಎಂದರೆ ಬಿಳಿ ರಕ್ತಕಣ. ಕರುಳು ಉರಿಯುತ್ತಿದೆ ಎಂದಷ್ಟೇ ಅದರ ಅರ್ಥ. ಸೋಂಕಿನಲ್ಲೂ ಇರುತ್ತದೆ, ಐಬಿಡಿಯಲ್ಲೂ ಇರುತ್ತದೆ. ‘ಎಂಟಮೀಬಾ ಸಿಸ್ಟ್ ಕಂಡಿದೆ’ ಎಂಬ ಸಾಲು (ಸಿಸ್ಟ್ ಎಂದರೆ ಚಿಪ್ಪಿನೊಳಗೆ ಮುದುಡಿಕೊಂಡ ಅಮೀಬಾ) ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ರೋಗ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಮತ್ತು ನಿರುಪದ್ರವಿ ಎಂಟಮೀಬಾ ಡಿಸ್ಪಾರ್, ಇವುಗಳ ಸಿಸ್ಟ್‌ಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಕೆಂಪು ರಕ್ತಕಣ ನುಂಗಿರುವ ಅಮೀಬಾ ಕಂಡರೆ ಮಾತ್ರ ಅದಕ್ಕೆ ತೂಕವಿದೆ. ಇಲ್ಲವಾದರೆ ಆಂಟಿಜೆನ್ ಅಥವಾ ಪಿಸಿಆರ್ ಪರೀಕ್ಷೆ ಬೇಕು. ಒಂದು ಸಿಸ್ಟ್ ಕಂಡಿತೆಂದು ಐಬಿಡಿಯ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಕಲ್ಚರ್‌ಗೆ ಎರಡು ಮೂರು ದಿನ ಬೇಕು. ಕ್ಯಾಂಪೈಲೋಬ್ಯಾಕ್ಟರ್ ಬೆಳೆಸಲು ಆಮ್ಲಜನಕ ಕಡಿಮೆ ಇರುವ, 42 ಡಿಗ್ರಿ ಸೆಲ್ಸಿಯಸ್‌ನ ವಿಶೇಷ ಏರ್ಪಾಡು ಬೇಕಾಗುವುದರಿಂದ ಎಲ್ಲ ಲ್ಯಾಬ್‌ಗಳಲ್ಲೂ ಅದನ್ನು ಹುಡುಕುವುದಿಲ್ಲ.

ರಕ್ತಪರೀಕ್ಷೆ, ಕ್ಯಾಲ್‌ಪ್ರೊಟೆಕ್ಟಿನ್

ವಾರದ ಹಿಂದೆ ಶುರುವಾದ ಸೋಂಕಿನಲ್ಲಿ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಹೆಚ್ಚು ಇಳಿದಿರುವುದಿಲ್ಲ. ಹಿಮೋಗ್ಲೋಬಿನ್ ಇಳಿದು, ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿ, ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಕಡಿಮೆಯಾಗಿದ್ದರೆ ಕಾಯಿಲೆ ಬಹಳ ದಿನದಿಂದ ಒಳಗೇ ನಡೆದಿದೆ ಎಂದರ್ಥ. ಅದು ಐಬಿಡಿ ಆಗಿರಬಹುದು, ಕ್ಷಯವೂ ಆಗಿರಬಹುದು. ಉರಿಯೂತದ ಗುರುತಾದ ಸಿಆರ್‌ಪಿ ಏರುವುದು ಸೋಂಕು, ಐಬಿಡಿ ಎರಡರಲ್ಲೂ ಸಹಜ. ಟೈಫಾಯ್ಡ್‌ಗೆ ಮಾಡುವ ವೈಡಾಲ್ ಪರೀಕ್ಷೆಯಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಈಗ ನಗರಗಳಲ್ಲಿ ಸುಲಭವಾಗಿ ಸಿಗುತ್ತದೆ. ಬಿಳಿ ರಕ್ತಕಣಗಳು ಕರುಳಿಗೆ ನುಗ್ಗಿದಾಗ ಮಲದಲ್ಲಿ ಸೇರುವ ಪ್ರೋಟೀನ್ ಇದು. ಪ್ರತಿ ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕರುಳಿನಲ್ಲಿ ಉರಿಯೂತವಿರುವ ಸಾಧ್ಯತೆ ಬಹಳ ಕಡಿಮೆ. 250 ದಾಟಿದರೆ ಉರಿಯೂತ ಜೋರಾಗಿದೆ. ಆದರೆ ಸೋಂಕಿನಲ್ಲೂ ಇದು ಏರುತ್ತದೆ, ನೋವು ಮಾತ್ರೆಯಿಂದಲೂ ಏರುತ್ತದೆ. ಭೇದಿ ಶುರುವಾದ ಮೂರನೇ ದಿನಕ್ಕೆ ಮಾಡಿಸಿ ‘ಐಬಿಡಿ ಇದೆ’ ಎಂದು ಹೆದರಿಕೊಳ್ಳುವುದು ಬೇಡ. ಸೋಂಕು ತಗ್ಗಿ ಕೆಲವು ವಾರಗಳಾದ ಮೇಲೂ ಏರಿಯೇ ಇದ್ದರೆ ಅದಕ್ಕೆ ಅರ್ಥವಿದೆ. ಅದು ನಿಜವಾಗಿ ನೆರವಾಗುವುದು ಇನ್ನೊಂದು ಕಡೆ: ಸೋಂಕು ವಾಸಿಯಾದ ಸುಮಾರು ಹತ್ತರಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ಹೊಟ್ಟೆ ಸೂಕ್ಷ್ಮವಾಗಿ ಉಳಿದು, ಸಡಿಲ ಮಲ, ನೋವು ಮುಂದುವರಿಯುತ್ತದೆ. ಇದು ಐಬಿಎಸ್, ಅಂದರೆ ಉರಿಯೂತವಿಲ್ಲದೆ ಕರುಳು ಸೂಕ್ಷ್ಮವಾಗುವ ತೊಂದರೆ; ಐಬಿಡಿ ಅಲ್ಲ. ಇದರಲ್ಲಿ ರಕ್ತವಿಲ್ಲ, ತೂಕ ಇಳಿಯುವುದಿಲ್ಲ, ಕ್ಯಾಲ್‌ಪ್ರೊಟೆಕ್ಟಿನ್ ಕಡಿಮೆಯೇ ಇರುತ್ತದೆ.

ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ

ಕ್ಯಾಮೆರಾ ಹಾಕಿ ನೋಡಿದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಮೊದಲ ವಾರಗಳಲ್ಲಿ ಶಿಗೆಲ್ಲಾ ಹಿಡಿದ ಕರುಳೂ ಅಲ್ಸರೇಟಿವ್ ಕೊಲೈಟಿಸ್‌ನ ಕರುಳೂ ನೋಡಲು ಹೆಚ್ಚುಕಡಿಮೆ ಒಂದೇ. ಉರಿ ಗುದನಾಳದಿಂದಲೇ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬಿದ್ದರೆ ಅಲ್ಸರೇಟಿವ್ ಕೊಲೈಟಿಸ್ ಕಡೆಗೆ, ನಡುನಡುವೆ ಆರೋಗ್ಯವಂತ ಭಾಗ ಬಿಟ್ಟು ಹುಣ್ಣುಗಳಿದ್ದರೆ ಕ್ರೋನ್ಸ್ ಕಡೆಗೆ ಅನುಮಾನ ಹೋಗುತ್ತದೆ. ಆದರೆ ಖಚಿತ ಮಾಡುವುದು ಬಯಾಪ್ಸಿ, ಅಂದರೆ ಕರುಳಿನ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕರುಳಿನ ಒಳಪದರದ ಗ್ರಂಥಿಗಳು ಅಡಕೆ ತೋಟದ ಮರಗಳಂತೆ ನೆಟ್ಟಗೆ, ಸಾಲಾಗಿ ನಿಂತಿರುತ್ತವೆ. ಸೋಂಕು ಬಂದಾಗ ಅವುಗಳ ನಡುವೆ ಬಿಳಿ ರಕ್ತಕಣ ತುಂಬುತ್ತವೆ, ಆದರೆ ಸಾಲು ಕೆಡುವುದಿಲ್ಲ. ಐಬಿಡಿಯಲ್ಲಿ ವಾರಗಳು ಕಳೆದಂತೆ ಸಾಲು ತಪ್ಪುತ್ತದೆ, ಗ್ರಂಥಿಗಳು ಕುಗ್ಗುತ್ತವೆ, ಅಡಕೆ ಮರವೇ ಕವಲೊಡೆದಂತೆ ಟಿಸಿಲು ಬಿಡುತ್ತವೆ. ಈ ಬದಲಾವಣೆಗೆ ಸಮಯ ಬೇಕು; ತೀರ ಬೇಗ ತೆಗೆದ ಬಯಾಪ್ಸಿಯಲ್ಲಿ ಕಾಣದಿದ್ದರೆ ಆರೆಂಟು ವಾರ ಬಿಟ್ಟು ಮತ್ತೆ ನೋಡಬೇಕಾಗಬಹುದು.

ವೈದ್ಯರಲ್ಲಿ ಕೇಳಿ: ಸಣ್ಣ ಕರುಳಿನ ತುದಿಯವರೆಗೂ ನೋಡುತ್ತೀರಾ? ಚೆನ್ನಾಗಿ ಕಾಣುವ ಭಾಗದಿಂದಲೂ ಬಯಾಪ್ಸಿ ತೆಗೆಯುತ್ತೀರಾ? ಕ್ಷಯದ ಅನುಮಾನವಿದ್ದರೆ ಒಂದು ತುಣುಕನ್ನು ಫಾರ್ಮಾಲಿನ್ ಬದಲು ಸಲೈನ್‌ನಲ್ಲಿ ಕಲ್ಚರ್‌ಗೆ ಕಳಿಸುತ್ತೀರಾ? ಫಾರ್ಮಾಲಿನ್‌ಗೆ ಬಿದ್ದ ತುಣುಕಿನಲ್ಲಿ ರೋಗಾಣು ಬದುಕಿರುವುದಿಲ್ಲ, ಕಲ್ಚರ್ ಆಗದು.

ನಮ್ಮ ನೆಲದ ದೊಡ್ಡ ಗೊಂದಲ: ಕರುಳಿನ ಕ್ಷಯ

ಪಶ್ಚಿಮದ ದೇಶಗಳ ವೆಬ್‌ಸೈಟುಗಳಲ್ಲಿ ಸೋಂಕು–ಐಬಿಡಿ ವ್ಯತ್ಯಾಸ ಓದಿದರೆ ಈ ಅಧ್ಯಾಯ ತೆಳುವಾಗಿರುತ್ತದೆ. ಭಾರತದಲ್ಲಿ ಇದೇ ಮುಖ್ಯ. ಕ್ಷಯವೂ ಬ್ಯಾಕ್ಟೀರಿಯಾ ಸೋಂಕೇ, ಆದರೆ ವಾರದಲ್ಲಿ ಬಂದು ಹೋಗುವುದಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಅದು ಹೆಚ್ಚಾಗಿ ಕೂರುವ ಜಾಗ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಬಲಗಡೆಯ ಮೂಲೆ. ಕ್ರೋನ್ಸ್ ಕಾಯಿಲೆಯ ಮೆಚ್ಚಿನ ಜಾಗವೂ ಅದೇ. ಎರಡರಲ್ಲೂ ನೋವು, ತೂಕ ಇಳಿತ, ಕರುಳು ಕಿರಿದಾಗುವಿಕೆ, ಬಯಾಪ್ಸಿಯಲ್ಲಿ ಗ್ರಾನುಲೋಮಾ ಎಂಬ ಗಂಟುಗಳು.

ಸಂಜೆ ಜ್ವರ, ರಾತ್ರಿ ಬೆವರು, ಹೊಟ್ಟೆಯಲ್ಲಿ ನೀರು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಗುರುತು, ಕರುಳಿಗೆ ಅಡ್ಡಲಾಗಿ ಬಿದ್ದ ಹುಣ್ಣು, ಸಿ.ಟಿ.ಯಲ್ಲಿ ನಡುವೆ ಕೊಳೆತ ದುಗ್ಧಗ್ರಂಥಿ: ಇವು ಕ್ಷಯದ ಕಡೆಗೆ. ರಕ್ತಭೇದಿ, ಉದ್ದಕ್ಕೆ ಹರಿದ ಹುಣ್ಣು, ಅಲ್ಲಲ್ಲಿ ಬಿಟ್ಟು ಬಿಟ್ಟು ಬಂದ ಕಲೆಗಳು, ಗುದದ ಪಕ್ಕದ ರಂಧ್ರ: ಇವು ಕ್ರೋನ್ಸ್ ಕಡೆಗೆ. ಗ್ರಾನುಲೋಮಾದ ನಡುವೆ ಮೊಸರು ಗಡ್ಡೆಯಂತೆ ಕೊಳೆತಿದ್ದರೆ ಕ್ಷಯವೆನ್ನಲು ಬಲವಾದ ಸಾಕ್ಷಿ. ಕ್ಷಯದ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಪಾಸಿಟಿವ್ ಬಂದರೆ ಹೆಚ್ಚುಕಡಿಮೆ ಖಚಿತ. ನೆಗೆಟಿವ್ ಬಂದರೆ ಕ್ಷಯವಿಲ್ಲ ಎಂದರ್ಥವಲ್ಲ, ಏಕೆಂದರೆ ಕರುಳಿನ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆಯೇ ಕಡಿಮೆ.

ಎಷ್ಟು ನೋಡಿದರೂ ತೀರ್ಮಾನವಾಗದಿದ್ದಾಗ ಮೊದಲು ಕ್ಷಯದ ಔಷಧ ಕೊಟ್ಟು ನೋಡುವುದು ಇಲ್ಲಿನ ತಜ್ಞರ ರೂಢಿ. ಕ್ಷಯವಿರುವವರಿಗೆ ಸ್ಟೀರಾಯ್ಡ್ ಕೊಡುವುದಕ್ಕಿಂತ ಇದು ಕಡಿಮೆ ಅಪಾಯದ ದಾರಿ. ಆದರೆ ಈ ದಾರಿಗೂ ಗಡುವಿದೆ. ಸುಮಾರು 2 ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ಎಂದು ಕಣ್ಣಾರೆ ನೋಡಬೇಕು. ‘ಹಸಿವು ಹೆಚ್ಚಾಗಿದೆ, ಸ್ವಲ್ಪ ಪರವಾಗಿಲ್ಲ’ ಎಂಬ ಮಾತು ಸಾಲದು. ಕ್ರೋನ್ಸ್ ರೋಗಿಗಳೂ ಹಾಗೆ ಹೇಳುತ್ತಾರೆ. ಹುಣ್ಣು ಮಾಯ್ದಿದ್ದರೆ ಒಟ್ಟು 6 ತಿಂಗಳ ಚಿಕಿತ್ಸೆ ಪೂರೈಸಿ. ಹಾಗೆಯೇ ಇದ್ದರೆ ಕ್ರೋನ್ಸ್ ಅಥವಾ ಔಷಧಕ್ಕೆ ಜಗ್ಗದ ಕ್ಷಯ. ನೋಡದೆಯೇ ಒಂದು ವರ್ಷ ಮಾತ್ರೆ ಎಳೆದರೆ ಅಷ್ಟರಲ್ಲಿ ಕರುಳು ಕಿರಿದಾಗಿ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು. ಕ್ಷಯವೆಂದು ನಮೂದಾದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಔಷಧ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ.

ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ಅಲ್ಲಿನ ವೈದ್ಯರಿಗೆ ‘ನಾನು ಬೆಳೆದದ್ದು ಭಾರತದಲ್ಲಿ’ ಎಂದು ಕೇಳುವ ಮೊದಲೇ ಹೇಳಬೇಕು. ಐಬಿಡಿಗೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ನಂಥ ಚುಚ್ಚುಮದ್ದುಗಳು ಮೈಯಲ್ಲಿ ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲವು.

ಈಗಾಗಲೇ ಐಬಿಡಿ ಇರುವವರಿಗೆ ಮತ್ತೆ ಭೇದಿಯಾದರೆ

ಐಬಿಡಿ ಇರುವವರಿಗೂ ಮದುವೆ ಊಟದಿಂದ ಸೋಂಕು ತಗಲುತ್ತದೆ. ಕೆರಳಿದ್ದು ಹಳೆಯ ಕಾಯಿಲೆಯೋ, ಮೇಲೆ ಬಂದು ಕೂತ ಸೋಂಕೋ ಎಂಬುದು ಲಕ್ಷಣದಿಂದ ತಿಳಿಯುವುದಿಲ್ಲ. ಪ್ರತಿ ಸಲ ಉಲ್ಬಣಿಸಿದಾಗಲೂ ಮಲದ ಕಲ್ಚರ್ ಮತ್ತು ಡಿಫಿಸಿಲ್ ಟಾಕ್ಸಿನ್ ಮಾಡಿಸಿ. ಐಬಿಡಿ ಇರುವವರಿಗೆ ಈ ಬ್ಯಾಕ್ಟೀರಿಯಾ ಆಂಟಿಬಯೋಟಿಕ್ ತೆಗೆದುಕೊಳ್ಳದಿದ್ದರೂ ಬರಬಹುದು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಮೂರರಿಂದ ಐದು ದಿನವಾದರೂ ಬಗ್ಗದಿದ್ದರೆ ಸೈಟೊಮೆಗಾಲೊ ವೈರಸ್‌ಗಾಗಿ ಬಯಾಪ್ಸಿ ನೋಡಿದ್ದಾರೆಯೇ ಎಂದು ವಿಚಾರಿಸಿ. ಹಳೆಯ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ಡಬ್ಬಿಯನ್ನು ತಾವೇ ತೆರೆಯಬೇಡಿ. ಹಾಗೆಯೇ ಮೆಸಲಮೈನ್‌ನಂಥ ನಿತ್ಯದ ಮಾತ್ರೆಯನ್ನು ‘ಸೋಂಕು ಹೋಗಲಿ, ಆಮೇಲೆ ಶುರು ಮಾಡೋಣ’ ಎಂದು ನಿಲ್ಲಿಸಲೂ ಬೇಡಿ. ರಕ್ಷಣಾ ಶಕ್ತಿ ತಗ್ಗಿಸುವ ಅಜಾಥಿಯೋಪ್ರಿನ್ ಅಥವಾ ಚುಚ್ಚುಮದ್ದಿನಲ್ಲಿರುವವರು ಜ್ವರ ಬಂದ ದಿನವೇ ತಮ್ಮ ವೈದ್ಯರಿಗೆ ಫೋನ್ ಮಾಡಿ, ಮುಂದಿನ ಡೋಸ್ ತೆಗೆದುಕೊಳ್ಳಬೇಕೇ ಎಂದು ಕೇಳಿಯೇ ಮುಂದುವರಿಯಬೇಕು.